ಒಂದೇ ತೂಕದ ಚೀಲಗಳು: ಸರಿಯಾದ ಸ್ಕ್ರಿಪ್ಟ್ ಒಂದು ಮಂಡಿಯ ಲೆಕ್ಕ ಕೆಡಿಸಿದ ಪ್ರಕರಣ

ಇದು ಆನ್‌ಲೈನ್‌ನಲ್ಲಿ ಬಂದ ಪ್ರಶ್ನೆಯೊಂದಕ್ಕೆ ನಾನೇ ಕೊಟ್ಟ ಉತ್ತರದ ಕಥೆ. ಉತ್ತರ ಅಂದರೆ ಒಂದು ಸ್ಕ್ರಿಪ್ಟ್, ಸಣ್ಣ ಪ್ರೋಗ್ರಾಂ. ಉತ್ತರದಲ್ಲಿ ತಪ್ಪಿರಲಿಲ್ಲ. ಕೇಳಿದ್ದಕ್ಕೆ ತಕ್ಕಂತೆ ಇತ್ತು, ಓಡಿಸಿದರೆ ಒಂದು ಎರರ್ ಕೂಡ ಬರುತ್ತಿರಲಿಲ್ಲ. ಆದರೂ ಅದರಿಂದ ಒಂದು ಅಡಿಕೆ ಮಂಡಿಯ ಎರಡು ವಾರದ ದಾಸ್ತಾನು ಲೆಕ್ಕ ಹದಗೆಟ್ಟಿತು. ಅದನ್ನು ಬಳಸಿದವರು ಎಲ್ಲರೆದುರು ಬೈಸಿಕೊಂಡರು.

ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ಬರೀರಿ ಸರ್, ಆದ್ರೆ ಯಾವ ಮಂಡಿ ಅಂತ ಮಾತ್ರ ಗೊತ್ತಾಗಬಾರ್ದು" ಅಂದಿದ್ದಾರೆ. ಹಾಗಾಗಿ ಊರು, ವರ್ಷ ಎರಡನ್ನೂ ಬಿಟ್ಟಿದ್ದೇನೆ. ಅಂಕಿಗಳನ್ನು ಅಷ್ಟಿಷ್ಟು ಬದಲಿಸಿದ್ದೇನೆ. ಶಿವಮೊಗ್ಗ ಜಿಲ್ಲೆ ಅಂದರೆ ಸಾಕು. ಸಾಗರ, ತೀರ್ಥಹಳ್ಳಿ, ಹೊಸನಗರ, ಎಲ್ಲಿ ಬಸ್ ಇಳಿದರೂ ಇಲ್ಲಿ ಅಡಿಕೆ ಮಂಡಿಯ ಬೋರ್ಡು ಕಾಣುತ್ತದೆ.

ಹಿನ್ನೆಲೆ

ನಾನು ಸಾಫ್ಟ್‌ವೇರ್ ಡೆವಲಪರ್. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಊರಿಗೆ ಬಂದವನು ಇಲ್ಲೇ ಉಳಿದೆ. ಹಗಲು ಕಂಪನಿ ಕೆಲಸ, ರಾತ್ರಿ ಊಟ ಆದಮೇಲೆ ಒಂದು ತಾಸು ಆನ್‌ಲೈನ್‌ನಲ್ಲಿ ಬೇರೆಯವರ ಸ್ಕ್ರಿಪ್ಟಿಂಗ್ ಪ್ರಶ್ನೆಗಳಿಗೆ ಉತ್ತರ. ಪೈಥಾನ್, ಶೆಲ್, ಎಕ್ಸೆಲ್ ಮ್ಯಾಕ್ರೊ, ಏನು ಬಂದರೂ ಸರಿ. ದುಡ್ಡಿಗಲ್ಲ. ನಾನು ಕಲಿತದ್ದೂ ಹೀಗೇ, ಗುರುತಿಲ್ಲದ ಯಾರೋ ಕೊಟ್ಟ ಉತ್ತರಗಳಿಂದ. ಜತೆಗೆ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳುವವರು ಕಡಿಮೆ. ಮಳೆಗಾಲದಲ್ಲಿ ಫೈಬರ್ ತಂತಿಯ ಮೇಲೆ ಮರ ಬಿದ್ದರೆ ಎರಡು ದಿನ ರಜೆ, ಅಷ್ಟೇ.

ಕೇಳುವವರು ಜಾಸ್ತಿ ಕಾಲೇಜು ಹುಡುಗರು. ನಡುನಡುವೆ ಕಚೇರಿ ಗುಮಾಸ್ತರು, ಮೇಷ್ಟ್ರುಗಳು, ಅಂಗಡಿ ಲೆಕ್ಕ ಬರೆಯುವವರೂ ಬರುತ್ತಾರೆ. ಹುಡುಗರ ಪ್ರಶ್ನೆ ತಪ್ಪಾಗಿ ಉತ್ತರಿಸಿದರೆ ಒಂದು ಅಸೈನ್‌ಮೆಂಟ್ ಹೋಗುತ್ತದೆ. ಎರಡನೆಯವರ ಪ್ರಶ್ನೆಯ ಹಿಂದೆ ಯಾರದ್ದೋ ದುಡ್ಡು, ಯಾರದ್ದೋ ಪಗಾರ ಇರುತ್ತದೆ. ಆದರೆ ಪ್ರಶ್ನೆ ನೋಡಿದರೆ ಇಬ್ಬರದ್ದೂ ಒಂದೇ ಥರ ಕಾಣುತ್ತದೆ. ಈ ಪ್ರಕರಣದಲ್ಲಿ ಆದದ್ದೂ ಅದೇ.

ಮೊದಲ ಪ್ರಶ್ನೆ

ಏಪ್ರಿಲ್ ಕೊನೆ. ಸಂಜೆಯಾದರೆ ಗುಡುಗು ಮಳೆ, ಕರೆಂಟು ಇರುವುದಿಲ್ಲ. ಒಂದು ಮೆಸೇಜ್ ಬಂತು: "ಸರ್, ಸಿಎಸ್‌ವಿ ಫೈಲಿನಲ್ಲಿ ಒಂದೇ ಥರದ ಸಾಲುಗಳು ಬಂದಿವೆ. ಒಂದನ್ನು ಉಳಿಸಿ ಮಿಕ್ಕಿದ್ದು ತೆಗೆಯುವುದು ಹೇಗೆ? ಪೈಥಾನ್ ಸ್ವಲ್ಪ ಗೊತ್ತು."

ಸಿಎಸ್‌ವಿ ಅಂದರೆ ಅಲ್ಪವಿರಾಮ ಹಾಕಿ ಕಾಲಮ್ ಬೇರ್ಪಡಿಸಿದ ಸಾದಾ ಫೈಲು. ಇಂಥ ಪ್ರಶ್ನೆ ಬಂದರೆ ಖುಷಿ. ಚಿಕ್ಕದು, ಸ್ಪಷ್ಟ. ಪೈಥಾನ್‌ನ ಪಾಂಡಾಸ್ ಲೈಬ್ರರಿಯಲ್ಲಿ ಇದಕ್ಕೆ ಒಂದೇ ಸಾಲಿನ ಉತ್ತರವಿದೆ, ಡ್ರಾಪ್ ಡೂಪ್ಲಿಕೇಟ್ಸ್ ಅಂತ. ಏನೂ ಹೇಳದಿದ್ದರೆ ಅದು ಎಲ್ಲ ಕಾಲಮ್‌ಗಳನ್ನೂ ಹೋಲಿಸುತ್ತದೆ. ಎಲ್ಲವೂ ಒಂದೇ ಆಗಿದ್ದರೆ ಮೊದಲನೆಯದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ. ಎಕ್ಸೆಲ್‌ನಲ್ಲೂ ಇದಕ್ಕೆ 2007ರಿಂದಲೇ ಒಂದು ಬಟನ್ ಇದೆ. ನಾನು ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು ಕಳಿಸಿದೆ: ಫೈಲು ಓದು, ತೆಗೆ, ಬರೆ, ಮುಗಿಯಿತು. ಎರಡು ನಿಮಿಷವೂ ಹಿಡಿಯಲಿಲ್ಲ. "ತುಂಬಾ ಥ್ಯಾಂಕ್ಸ್ ಸರ್, ವರ್ಕ್ ಆಯ್ತು" ಅಂತ ಉತ್ತರ ಬಂತು. ನಾನು ಮಲಗಿದೆ.

ಅವರು ಯಾರು, ಫೈಲಿನಲ್ಲಿ ಏನಿದೆ, ಸಾಲುಗಳು ಯಾಕೆ ಎರಡೆರಡು ಸಲ ಬಂದವು, ಇದರಲ್ಲಿ ಒಂದನ್ನೂ ನಾನು ಕೇಳಲಿಲ್ಲ.

ಎರಡನೇ ಪ್ರಶ್ನೆ

ಹದಿನೈದು ದಿನ ಕಳೆದು ಅದೇ ನಂಬರಿನಿಂದ ಇನ್ನೊಂದು ಮೆಸೇಜ್: "ಸರ್, ಸಿಎಸ್‌ವಿ ಕೊನೆಗೆ ಸ್ಕ್ರಿಪ್ಟ್‌ನಿಂದಲೇ ಒಂದು ಸಾಲು ಸೇರಿಸಬಹುದಾ? ತೂಕದ ಜಾಗದಲ್ಲಿ ಎರಡು ಮೊತ್ತದ ವ್ಯತ್ಯಾಸ ಬರಬೇಕು."

ಇದಕ್ಕೂ ಉತ್ತರ ಸುಲಭ. ಟೈಪ್ ಮಾಡಲು ಶುರುವೂ ಮಾಡಿದ್ದೆ. 'ವ್ಯತ್ಯಾಸ' ಅನ್ನುವ ಪದದ ಹತ್ತಿರ ಕೈ ನಿಂತಿತು. ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಯಾಕೆ ಬಂತು ಅಂತ ಹುಡುಕುತ್ತಾರೆ. ವ್ಯತ್ಯಾಸವನ್ನೇ ಒಂದು ಸಾಲಾಗಿ ಸೇರಿಸಬೇಕು ಅಂದರೆ ಯಾರಿಗೋ ತಾಳೆ ಮಾಡಿ ತೋರಿಸಬೇಕಾಗಿದೆ ಅಂತ ಅರ್ಥ. ಬರೆದದ್ದನ್ನು ಅಳಿಸಿ, "ಇದು ಯಾತಕ್ಕೆ ಬೇಕಾಗಿದೆ, ಹೇಳ್ತೀರಾ?" ಎಂದು ಕೇಳಿದೆ. ಉತ್ತರ ಬರಲಿಲ್ಲ. ಮಾರನೇ ದಿನ ಮಧ್ಯಾಹ್ನ ಫೋನ್ ಬಂತು.

ಮಾತಾಡಿದವರು ಒಬ್ಬ ಯುವತಿ. ಬಿಕಾಂ ಮುಗಿಸಿ ಮಂಡಿಗೆ ಸೇರಿ ಎರಡು ವರ್ಷ. ರೈತರು ತಂದ ಅಡಿಕೆ ಚೀಲ ಕಾಟಾದ ಮೇಲೆ ಏರುತ್ತದೆ, ಹಿರಿಯ ಗುಮಾಸ್ತರು ತೂಕವನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಆ ಪುಸ್ತಕ ನೋಡಿ ಇವರು ಕಂಪ್ಯೂಟರಿಗೆ ಹಾಕುತ್ತಾರೆ. ಒಂದು ಚೀಲಕ್ಕೆ ಒಂದು ಸಾಲು. ತಾರೀಕು, ಸದಸ್ಯರ ನಂಬರ್, ತಳಿ, ತೂಕ. ತಳಿ ಅಂತ ಫೈಲಿನಲ್ಲಿ ಹೆಸರಿದೆ, ಆದರೆ ಅದು ನಿಜವಾಗಿ ತಳಿಯಲ್ಲ, ದರ್ಜೆ: ರಾಶಿ, ಬೆಟ್ಟೆ, ಗೊರಬಲು, ಸರಕು. ಹಳೆಯ ಸಾಫ್ಟ್‌ವೇರು. ಬರೆದುಕೊಟ್ಟವರು ಈಗ ಎಲ್ಲಿದ್ದಾರೆ ಅಂತ ಮಂಡಿಯಲ್ಲಿ ಯಾರಿಗೂ ಗೊತ್ತಿಲ್ಲ.

ಹಾಕುತ್ತಿರುವಾಗ ಕರೆಂಟು ಹೋಗುತ್ತದೆ. ಯುಪಿಎಸ್ ಹೆಸರಿಗೆ ಮಾತ್ರ ಇದೆ. ಕೊನೆಗೆ ಹಾಕಿದ್ದು ಸೇವ್ ಆಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಕರೆಂಟು ಬಂದಮೇಲೆ ಮತ್ತೆ ಹಾಕುತ್ತಾರೆ. ಕೆಲವೊಮ್ಮೆ ಇಡೀ ಲಾಟ್, ಅಂದರೆ ಒಬ್ಬ ರೈತ ಒಂದು ಸಲ ತಂದ ಚೀಲಗಳಷ್ಟೂ, ಎರಡು ಸಲ ಕೂತುಬಿಡುತ್ತದೆ. ಇದೇ ಅವರ ನಿಜವಾದ ತೊಂದರೆ. ಅವರು ಇದಕ್ಕೆ ತಾವೇ ಒಂದು ಪರಿಹಾರ ಯೋಚಿಸಿ, ಆ ಪರಿಹಾರದ ಬಗ್ಗೆ ಮಾತ್ರ ನನ್ನನ್ನು ಕೇಳಿದ್ದರು. ನಮ್ಮ ಕೆಲಸದಲ್ಲಿ ಇದನ್ನು ಎಕ್ಸ್-ವೈ ಪ್ರಾಬ್ಲಮ್ ಅನ್ನುತ್ತಾರೆ. ಕಷ್ಟ ಒಂದು, ಕೇಳುವುದು ಇನ್ನೊಂದು. ಹೆಸರು ಗೊತ್ತಿದ್ದ ಮಾತ್ರಕ್ಕೆ ಎದುರಿಗೆ ಬಂದಾಗ ಗುರುತು ಸಿಗುತ್ತದೆ ಅಂತೇನಿಲ್ಲ, ನೋಡಿ.

ಸ್ಕ್ರಿಪ್ಟ್ ಓಡಿಸಿದ ಮೊದಲ ವಾರದ ಫೈಲಿನಲ್ಲಿ 412 ಸಾಲು ಇತ್ತಂತೆ. ಓಡಿಸಿದ ಮೇಲೆ 338. ಅಂದರೆ 74 ಸಾಲು ಹೋಗಿತ್ತು. ಅವರು ಅದನ್ನು ಎಣಿಸಿರಲಿಲ್ಲ. ನನ್ನ ಸ್ಕ್ರಿಪ್ಟ್ ಹೇಳಲೂ ಇಲ್ಲ. ಬಿಲ್ಲುಗಳನ್ನು ಪುಸ್ತಕ ನೋಡಿ ಕೈಯಲ್ಲೇ ಮಾಡುತ್ತಿದ್ದರಿಂದ ರೈತರ ದುಡ್ಡಿಗೆ ಏನೂ ಆಗಲಿಲ್ಲ, ಅದೊಂದು ಪುಣ್ಯ. ಈ ಫೈಲಿನಿಂದ ಹೋಗುತ್ತಿದ್ದದ್ದು ವಾರದ ದಾಸ್ತಾನು ವರದಿ. ಎರಡನೇ ವಾರ ಮ್ಯಾನೇಜರ್ ಗೋದಾಮಿನ ಚೀಲ ಎಣಿಸಿಸಿದರು. ಗೋದಾಮಿನಲ್ಲಿ ಜಾಸ್ತಿ, ಕಂಪ್ಯೂಟರಿನಲ್ಲಿ ಕಡಿಮೆ. ಕಡಿಮೆ ಇದ್ದರೆ ಕಳ್ಳತನ ಅಂತಾರೆ. ಜಾಸ್ತಿ ಇದ್ದರೆ ಅದಕ್ಕಿಂತ ದೊಡ್ಡ ಅನುಮಾನ: ಲೆಕ್ಕಕ್ಕೆ ತೋರಿಸದ ಅಡಿಕೆ ಯಾರದ್ದು?

"ಒಂದೇ ಥರದ್ದು ತೆಗೆದಿದ್ದು ಅಷ್ಟೇ ಸರ್ ನಾನು" ಅಂದರು. ದನಿ ಸಣ್ಣಗಿತ್ತು.

ಆಗ ಹಿಂದಿನಿಂದ ಇನ್ನೊಂದು ದನಿ ಕೇಳಿಸಿತು. ಹಿರಿಯ ಗುಮಾಸ್ತರದ್ದು. "ಒಂದೇ ತೂಕದ ಚೀಲ ಇರದೆ ಮತ್ತೇನು ಮಾರಾಯ್ತಿ? ಮನೇಲಿ 65 ಕೆಜಿಗೆ ತೂಗಿಯೇ ಹೊಲಿದು ತರ್ತಾರಲ್ಲ!"

ನಾನು ಫೋನ್ ಹಿಡಿದುಕೊಂಡು ಸುಮ್ಮನೆ ಕೂತೆ. ನಮ್ಮದೂ ಅಡಿಕೆ ತೋಟ. ಸುಲಿಸಿ, ಬೇಯಿಸಿ, ಒಣಗಿಸಿ, ಆರಿಸಿದ ಮೇಲೆ ಅಪ್ಪ ಪ್ರತಿ ಚೀಲವನ್ನೂ ಒಂದೇ ತೂಕಕ್ಕೆ ತುಂಬುತ್ತಾರೆ. ಚಿಕ್ಕಂದಿನಲ್ಲಿ ಚೀಲದ ಬಾಯಿ ಒತ್ತಿ ಹಿಡಿಯುವುದು ನನ್ನ ಕೆಲಸ, ದಬ್ಬಣ ಅಪ್ಪನ ಕೈಯಲ್ಲಿ. ಒಬ್ಬ ರೈತ ಒಂದು ದಿನ ತಂದ ಎಂಟು ರಾಶಿ ಚೀಲದಲ್ಲಿ ಐದು 65.0 ಇರುವುದು ಆಶ್ಚರ್ಯವಲ್ಲ, ಅದೇ ಸಹಜ. ಆದರೆ ತಾರೀಕು, ನಂಬರ್, ದರ್ಜೆ, ತೂಕ ನಾಲ್ಕೂ ಒಂದೇ ಆದ ಐದು ಸಾಲು ಕಂಡರೆ ಪಾಂಡಾಸ್‌ಗೆ ಅದು ಒಂದೇ ಸಾಲು. ನಾಲ್ಕು ಚೀಲ ಮಾಯ.

ನನಗೆ ಗೊತ್ತಿದ್ದ ವಿಷಯವೇ ಇದು. 'ಸಾಲು' ಅಂದದ್ದು ಕೇಳಿದ್ದೆ, ಸಾಲು ಅಂದರೆ ಚೀಲ ಅಂತ ಗೊತ್ತಿರಲಿಲ್ಲ, ಅಷ್ಟೇ.

ಏನೇನು ಮಾಡಿ ನೋಡಿದೆವು

ಮೊದಲು ಕೇಳಿದ್ದು ಮೂಲ ಫೈಲು ಉಳಿದಿದೆಯಾ ಅಂತ. ನನ್ನ ಸ್ಕ್ರಿಪ್ಟ್ ಓದಿದ ಫೈಲಿನ ಮೇಲೆಯೇ ಬರೆಯುತ್ತಿತ್ತು. ಅದು ನನ್ನ ಎರಡನೇ ತಪ್ಪು. ಪುಣ್ಯಕ್ಕೆ ಹಳೆಯ ಸಾಫ್ಟ್‌ವೇರಿನಿಂದ ಮತ್ತೆ ಫೈಲು ತೆಗೆಯಲು ಬರುತ್ತಿತ್ತು. ಹೆಸರಿರುವ ಕಾಲಮ್ ಇದ್ದರೆ ಅಳಿಸಿ, ನಂಬರ್ ಬದಲಿಸಿ ಒಂದು ವಾರದ್ದು ಕಳಿಸಿ ಎಂದೆ.

ಫೈಲು ಬಂದಾಗ ಇನ್ನೊಂದು ವಿಷಯ ಕಂಡಿತು. 'ಗೊರಬಲು' ಎರಡು ಥರ ಇತ್ತು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಕನ್ನಡದ 'ಗೊ' ಅನ್ನು ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರು ಅಕ್ಷರಗಳಿಗೆ ಬಳಸುವ ಸಂಕೇತ ಪದ್ಧತಿಯಲ್ಲಿ, ಎರಡು ರೀತಿ ಬರೆಯಬಹುದು. 'ಗ' ಜತೆ ಒ ಸ್ವರದ ಒಂದೇ ಚಿಹ್ನೆ ಹಾಕಬಹುದು, ಇಲ್ಲವೇ ಎ ಸ್ವರದ ಚಿಹ್ನೆ, ಅದರ ಮೇಲೆ ಊ ಸ್ವರದ ಚಿಹ್ನೆ ಅಂತ ಎರಡು ಹಾಕಬಹುದು. ತೆರೆಯ ಮೇಲೆ ಒಂದೇ ಅಕ್ಷರ ಮೂಡುತ್ತದೆ. ಹಳೆಯ ಫಾಂಟಿನ ಪಟ್ಟಿಯನ್ನು ಯಾರೋ ಯಾವಾಗಲೋ ಯೂನಿಕೋಡ್‌ಗೆ ಬದಲಿಸಿದಾಗ ಇದು ನುಸುಳಿರಬೇಕು. ಅಂದರೆ ನನ್ನ ಸ್ಕ್ರಿಪ್ಟ್ ನಿಜವಾದ ಚೀಲ ಅಳಿಸಿದ್ದಲ್ಲದೆ, ಇಂಥ ಕಡೆ ನಿಜವಾಗಿ ಎರಡು ಸಲ ಬಂದದ್ದನ್ನು ಹಾಗೇ ಬಿಡುವ ಸಾಧ್ಯತೆಯೂ ಇತ್ತು. ಇದಕ್ಕೆ ಮದ್ದು ಸುಲಭ. ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಅನ್ನುವ ಮಾಡ್ಯೂಲ್ ಇದೆ, ಓದಿದ ಕೂಡಲೇ ಎಲ್ಲವನ್ನೂ ಎನ್‌ಎಫ್‌ಸಿ ಅನ್ನುವ, ಚಿಹ್ನೆಗಳನ್ನು ಕೂಡಿಸಿದ ರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ. ಕನ್ನಡದ ಡೇಟಾ ಮುಟ್ಟುವವರು ಇದನ್ನು ಕಣ್ಣುಮುಚ್ಚಿ ಮಾಡಬೇಕು.

ನಿಜವಾದ ಸಮಸ್ಯೆಗೆ ನಾನು ಮೊದಲು ಹೂಡಿದ್ದು ಒಂದು ಜಾಣತನ. ಪುಸ್ತಕ ನೋಡಿ ಮತ್ತೆ ಹಾಕುವಾಗ ತೂಕಗಳು ಅದೇ ಕ್ರಮದಲ್ಲಿ ಬರುತ್ತವೆ ತಾನೆ? 65.1, 64.8, 65.0, 41.3 ಅಂತ ಒಂದು ಸರಣಿ ಬಂದು, ಅದರ ಬೆನ್ನಿಗೇ ಅದೇ ಸರಣಿ ಬಂದರೆ ಅದು ಎರಡನೇ ಸಲ ಹಾಕಿದ್ದು. ಒಂದು ಸಂಜೆ ಕೂತು ಬರೆದೆ. ಬರೆದು ಮುಗಿಸಿದಾಗ ಬಹಳ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

ಆರು ಚೀಲದ ಒಂದು ಇಡೀ ಲಾಟ್ ಎರಡು ಸಲ ಬಂದಿತ್ತು. ಅದನ್ನು ಸರಿಯಾಗಿ ಹಿಡಿಯಿತು. ಆದರೆ ಕರೆಂಟು ಲಾಟ್ ಮುಗಿಯುವ ತನಕ ಕಾಯುವುದಿಲ್ಲ. ಇನ್ನೆರಡು ಕಡೆ ಅವರು ಅನುಮಾನ ಇದ್ದ ಕೊನೆಯ ಎರಡು, ಮೂರು ಸಾಲು ಮಾತ್ರ ಮತ್ತೆ ಹಾಕಿದ್ದರು. ಎರಡು ಸಾಲಿನ ಸರಣಿ ಆಕಸ್ಮಿಕವಾಗಿಯೂ ಮತ್ತೆ ಬರಬಹುದು. ಇನ್ನೊಂದು ಕಡೆ ನಾಲ್ಕೂ ಚೀಲ 65.0 ಇದ್ದ ಲಾಟ್. ಮೊದಲೆರಡು ಒಂದು ಸರಣಿ, ಕೊನೆಯೆರಡು ಅದರ ನಕಲು ಅಂತ ಸ್ಕ್ರಿಪ್ಟ್ ತೀರ್ಮಾನಿಸಿತು. ಅಚ್ಚುಕಟ್ಟಾಗಿ ತೂಗಿ ತರುವ ರೈತರೇ ಅದಕ್ಕೆ ಅನುಮಾನದವರಾಗಿ ಕಂಡರು.

ಅಲ್ಲಿಗೆ ಬಿಟ್ಟೆ. ಇದು ಈ ಪ್ರಕರಣದ ಎರಡನೇ ತಿರುವು ಅನ್ನಬಹುದು. ಇನ್ನೂ ಒಂದೆರಡು ನಿಯಮ ಸೇರಿಸಿ ಸ್ಕ್ರಿಪ್ಟನ್ನು ಬೆಳೆಸಬಹುದಿತ್ತು. ಆದರೆ ಎರಡು ಚೀಲ ಬೇರೆ ಬೇರೆ ಅಂತ ಹೇಳುವ ಮಾಹಿತಿಯೇ ಫೈಲಿನಲ್ಲಿ ಇಲ್ಲದಿದ್ದರೆ ಯಾವ ಕೋಡ್ ತಾನೇ ಅದನ್ನು ಹುಟ್ಟಿಸೀತು? ಈಗ ಚಾಟ್‌ಜಿಪಿಟಿ ಕೇಳಿದರೂ ನನ್ನ ಮೊದಲ ಉತ್ತರದಂಥದ್ದು ಅರೆಕ್ಷಣದಲ್ಲಿ ಸಿಗುತ್ತದೆ. ಅದಕ್ಕೂ ಚೀಲ ಕಾಣುವುದಿಲ್ಲ.

ಮತ್ತೆ ಫೋನ್ ಮಾಡಿ, ಈ ಸಲ ಹಿರಿಯ ಗುಮಾಸ್ತರಿಗೇ ಕೊಡಿ ಎಂದೆ. "ಪುಸ್ತಕದಲ್ಲಿ ಚೀಲಕ್ಕೆ ಏನಾದರೂ ನಂಬರ್ ಬರೀತೀರಾ?" ಎಂದು ಕೇಳಿದೆ. "ಬರೀದೆ ಹೇಗೆ ಆಗ್ತದೆ? ಲಾಟಿಗೆ ಚೀಟಿ ನಂಬರ್, ಚೀಲಕ್ಕೆ ಒಂದು, ಎರಡು, ಮೂರು. ಚೀಲದ ಮೇಲೂ ಬಣ್ಣದಲ್ಲಿ ಬರೀತೀವಲ್ಲ." ಬೇಕಾದ್ದೆಲ್ಲ ಅಲ್ಲೇ ಇತ್ತು. ಕಂಪ್ಯೂಟರಿಗೆ ಹಾಕಲು ಜಾಗ ಇರಲಿಲ್ಲ, ಅಷ್ಟೇ. ಸಾಫ್ಟ್‌ವೇರ್ ಬದಲಿಸುವ ಮಾತು ಮ್ಯಾನೇಜರ್ ಹತ್ತಿರ ನಡೆಯುವ ಹಾಗಿರಲಿಲ್ಲ.

ಜಾಗ ಹುಡುಕಿದವರು ಆ ಯುವತಿಯೇ. ಎಂಟ್ರಿ ಮಾಡುವ ತೆರೆಯಲ್ಲಿ 'ಷರಾ' ಅಂತ ಒಂದು ಖಾಲಿ ಕಾಲಮ್ ಇದೆ, ಯಾರೂ ಬಳಸುವುದಿಲ್ಲ ಅಂದರು. ಫೈಲಿಗೆ ತೆಗೆಯುವಾಗ ಅದನ್ನೂ ಸೇರಿಸಿಕೊಳ್ಳಲು ಬರುತ್ತದೆ. ಅಲ್ಲಿ ಚೀಟಿ ನಂಬರ್, ಅಡ್ಡಗೆರೆ, ಚೀಲದ ನಂಬರ್ ಹಾಕೋಣ ಎಂದು ನಿರ್ಧಾರ ಆಯಿತು. 4217-06 ಅಂದರೆ 4217ನೇ ಚೀಟಿಯ ಆರನೇ ಚೀಲ.

ಆಮೇಲೆ ಏನಾಯಿತು

ಮೊದಲ ಮೂರು ದಿನ ಗೋಳು. ಒಂದು ಕಾಲಮ್ ಹೆಚ್ಚಾದರೆ ಎಂಟ್ರಿ ನಿಧಾನ. ಸಂಜೆ ಅಡಿಕೆ ಬಂದು ಬಿದ್ದಾಗ ಮರೆತುಹೋಗುತ್ತಿತ್ತು. ಷರಾ ಖಾಲಿ ಇದ್ದ ಸಾಲುಗಳನ್ನು ಸ್ಕ್ರಿಪ್ಟ್ ಬೇರೆಯಾಗಿ ತೋರಿಸುವಂತೆ ಮಾಡಿದ ಮೇಲೆ ಮರೆವು ಕಡಿಮೆಯಾಯಿತು.

ಈಗಿನ ಸ್ಕ್ರಿಪ್ಟ್ ನಲವತ್ತು ಸಾಲಿನ ಆಸುಪಾಸು. ಅದು ಏನನ್ನೂ ಅಳಿಸುವುದಿಲ್ಲ. ಮೂಲ ಫೈಲನ್ನು ಮುಟ್ಟುವುದಿಲ್ಲ. ಚೀಟಿ ಮತ್ತು ಚೀಲದ ನಂಬರ್ ಎರಡು ಸಲ ಬಂದು ತೂಕವೂ ಒಂದೇ ಇದ್ದರೆ ಒಂದನ್ನು ಮಾತ್ರ ವರದಿಗೆ ತೆಗೆದುಕೊಳ್ಳುತ್ತದೆ. ನಂಬರ್ ಒಂದೇ, ತೂಕ ಬೇರೆ ಅಂದರೆ 'ನೋಡಬೇಕಾದ್ದು' ಅನ್ನುವ ಎರಡನೇ ಫೈಲಿಗೆ ಹಾಕುತ್ತದೆ. ಕೊನೆಗೆ ಮೂರು ಅಂಕಿ ತೋರಿಸುತ್ತದೆ: ಬಂದದ್ದು ಎಷ್ಟು, ಉಳಿದದ್ದು ಎಷ್ಟು, ನೋಡಬೇಕಾದ್ದು ಎಷ್ಟು. ನಾನು ಮೊದಲ ದಿನವೇ ಈ ಕೊನೆಯ ಸಾಲೊಂದನ್ನು ಬರೆದಿದ್ದರೆ 412 ಇದ್ದದ್ದು 338 ಆದದ್ದು ಅವರ ಕಣ್ಣಿಗೆ ಬೀಳುತ್ತಿತ್ತು. ವಾರಕ್ಕೆ ಎರಡು ಮೂರು ಸಲ ಕರೆಂಟು ಹೋದರೆ 74 ಚೀಲ ಎರಡು ಸಲ ಬರುವುದಿಲ್ಲ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ಚಿಕ್ಕ ವಿಷಯ. ಸ್ಕ್ರಿಪ್ಟ್ ಬರೆದ ಫೈಲನ್ನು ಮ್ಯಾನೇಜರ್ ಎಕ್ಸೆಲ್‌ನಲ್ಲಿ ತೆರೆದರೆ ರಾಶಿ, ಬೆಟ್ಟೆ ಎಲ್ಲ ವಿಚಿತ್ರ ಚಿಹ್ನೆಗಳಾಗುತ್ತಿದ್ದವು. ಯೂನಿಕೋಡ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಫೈಲಿನ ತಲೆಯಲ್ಲಿ ಬಾಮ್ ಅನ್ನುವ ಗುರುತು ಇಲ್ಲದಿದ್ದರೆ ಎಕ್ಸೆಲ್ ಹೀಗೆ ಮಾಡುತ್ತದೆ. ಪೈಥಾನ್‌ನಲ್ಲಿ ಬರೆಯುವಾಗ ಎನ್‌ಕೋಡಿಂಗ್ ಹೆಸರಿನ ಕೊನೆಗೆ 'ಸಿಗ್' ಸೇರಿಸಿದರೆ ಸರಿಯಾಗುತ್ತದೆ.

ಕೆಟ್ಟ ಎರಡು ವಾರದ ಲೆಕ್ಕವನ್ನು ಸ್ಕ್ರಿಪ್ಟ್ ಸರಿಮಾಡಲಿಲ್ಲ. ಒಂದು ಭಾನುವಾರ ಹಿರಿಯರು ಪುಸ್ತಕ ಓದಿದರು, ಇವರು ಮೂಲ ಫೈಲಿನ ಪ್ರಿಂಟ್ ಮೇಲೆ ಟಿಕ್ ಹಾಕಿದರು. ಮೊದಲ ವಾರ ಹೋಗಿದ್ದ 74ರಲ್ಲಿ ನಿಜವಾಗಿ ಎರಡು ಸಲ ಬಂದದ್ದು 11. ಮಿಕ್ಕ 63 ಗೋದಾಮಿನಲ್ಲಿ ಕೂತಿದ್ದ ಚೀಲಗಳು. ಸುಮಾರು 40 ಕ್ವಿಂಟಾಲ್. ರಾಶಿಗೆ ಕ್ವಿಂಟಾಲಿಗೆ 50,000 ರೂಪಾಯಿ ಹಿಡಿದರೂ 20 ಲಕ್ಷದ ಮಾಲು. ಎರಡು ನಿಮಿಷದಲ್ಲಿ ಬರೆದ ಉತ್ತರ! ಟಿಕ್ ಹಾಕಿದ ಪ್ರಿಂಟನ್ನು ಮ್ಯಾನೇಜರ್ ಎದುರು ಇಟ್ಟಮೇಲೆ ಅವರು ಏನೂ ಅನ್ನಲಿಲ್ಲವಂತೆ. ಬೈದದ್ದಕ್ಕೂ ಏನೂ ಅನ್ನಲಿಲ್ಲ. ವ್ಯತ್ಯಾಸದ ಸಾಲು ಸೇರಿಸುವ ಮಾತು ಅಲ್ಲಿಗೆ ಬಿತ್ತು.

ನನ್ನ ಕಡೆಯಿಂದ

ಇದಾದ ಮೇಲೆ ಸ್ವಲ್ಪ ದಿನ ಎಲ್ಲರನ್ನೂ ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದೆ. ಫೋಟೊಗಳ ಹೆಸರು ಬದಲಿಸಲು ಸ್ಕ್ರಿಪ್ಟ್ ಕೇಳಿದ ಹುಡುಗನಿಗೂ "ಯಾಕೆ ಬೇಕು, ಎಲ್ಲಿಂದ ಬಂತು" ಅಂತ ವಿಚಾರಣೆ. ಅವನು ಬೇಸತ್ತು ಬೇರೆಯವರನ್ನು ಕೇಳಿಕೊಂಡ. ಅದು ನ್ಯಾಯವೇ. ಎಲ್ಲ ಪ್ರಶ್ನೆಯ ಹಿಂದೆಯೂ ಗೋದಾಮು ಇರುವುದಿಲ್ಲ.

ಈಗ ಮಾಡುವುದು ಇಷ್ಟು. ಅಳಿಸು, ತೆಗೆ, ಒಂದುಗೂಡಿಸು ಅನ್ನುವ ಮಾತು ಪ್ರಶ್ನೆಯಲ್ಲಿ ಇದ್ದರೆ ಕೋಡ್ ಕೊಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಫೈಲಿನಲ್ಲಿ ಒಂದು ಸಾಲು ಅಂದರೆ ಏನು? ಒಬ್ಬ ವಿದ್ಯಾರ್ಥಿಯೋ, ಒಂದು ಪರೀಕ್ಷೆಯೋ, ಒಂದು ಹೊತ್ತಿನ ಹಾಲೋ? ಡೇರಿ ಲೆಕ್ಕ ಬರೆಯುವವರೊಬ್ಬರು ಹೋದ ತಿಂಗಳು ಕೇಳಿದ ಪ್ರಶ್ನೆ ಹೆಚ್ಚುಕಡಿಮೆ ಇದೇ ಆಗಿತ್ತು. ಬೆಳಿಗ್ಗೆ 4 ಲೀಟರ್, ಸಂಜೆ 4 ಲೀಟರ್ ಹಾಕಿದವರ ಸಾಲು ಎರಡು ಸಲ ಬಂದಿದೆ ಅಂತ ಅವರು ತಿಳಿದಿದ್ದರು. ಹೊತ್ತಿನ ಕಾಲಮ್ ಫೈಲಿಗೆ ಬಂದಿರಲಿಲ್ಲ.

ಮಂಡಿಯ ಕಡೆ ಒಂದು ಸಣ್ಣ ಚಿಂತೆ ಬಾಕಿ ಇದೆ. ಷರಾ ಕಾಲಮ್‌ನಲ್ಲಿ ಏಳು ಅಕ್ಷರ ಮಾತ್ರ ಹಿಡಿಸುತ್ತದೆ. ಚೀಟಿ ನಂಬರ್ 9999 ದಾಟಿದರೆ ಅಡ್ಡಗೆರೆ ಸೇರಿ ಎಂಟಾಗುತ್ತದೆ. ಈಗ ಒಂಬತ್ತು ಸಾವಿರದ ಹತ್ತಿರ ಬಂದಿದೆಯಂತೆ. "ಅಡ್ಡಗೆರೆ ತೆಗೆದುಬಿಟ್ರೆ ಸಾಕಲ್ವಾ ಸರ್?" ಎಂದು ಮೊನ್ನೆ ಮೆಸೇಜ್ ಮಾಡಿದ್ದರು. ಚೀಲದ ನಂಬರ್ ಯಾವಾಗಲೂ ಎರಡಂಕಿ ಇದ್ದರೆ ಸಾಕು. ಒಂದೇ ಚೀಟಿಗೆ ನೂರು ಚೀಲ ತರುವವರು ಇದ್ದಾರಾ ಎಂದು ಕೇಳಿದೆ. ಹಿರಿಯ ಗುಮಾಸ್ತರನ್ನು ಕೇಳಿ ಹೇಳುತ್ತೇನೆ ಅಂದಿದ್ದಾರೆ.